ಭಾಷಣಶಾಸ್ತ್ರದಲ್ಲಿ ಶ್ರೋತೃವಿನ ಪಾಲು

ನಮ್ಮ ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರರ ಕೈಗೆ ಕೊಡುವ ಅಂಕಪಟ್ಟಿಯನ್ನು ಒಮ್ಮೆ ನೋಡಿದವರಿಗೆ, ವಾಕ್ಪಟುತ್ವವೆಂದರೆ ಏನೆಂದು ನಾವು ಭಾವಿಸಿದ್ದೇವೆಂಬುದು ಬೇರೆ ವಿವರಣೆಯಿಲ್ಲದೆ ತಿಳಿದುಹೋಗುವುದು. ಉಚ್ಚಾರಣೆಗೆ ಇಷ್ಟು, ಹಾವಭಾವಕ್ಕೆ ಇಷ್ಟು, ನಿರರ್ಗಳತೆಗೆ ಇಷ್ಟು, ಕಾಲಪಾಲನೆಗೆ ಇಷ್ಟು ಎಂದು ಅಂಕಗಳು ಹಂಚಿಹೋದ ಮೇಲೆ ಮಿಕ್ಕದ್ದು ವಿಷಯಪ್ರತಿಪಾದನೆಯ ಪಾಲಿಗೆ. ಮಾತನಾಡುವವರು ಹತ್ತು ಮಂದಿಯಾದರೆ ಕೇಳುವವರು ಇನ್ನೂರು ಮಂದಿ. ಆದರೆ ಆ ಇನ್ನೂರು ಮಂದಿಯಿಂದ ಚಪ್ಪಾಳೆಯ ಹೊರತು ಮತ್ತೇನನ್ನೂ ಯಾರೂ ನಿರೀಕ್ಷಿಸುವುದಿಲ್ಲ. ಮುಂದೆ ಅದೇ ಮಕ್ಕಳು ಬೆಳೆದು ಪ್ರಜೆಗಳಾದಾಗ ಅವರಲ್ಲಿ ವೇದಿಕೆಯೇರುವವರು ಸಾವಿರಕ್ಕೊಬ್ಬರು. ವೇದಿಕೆಯ ಕೆಳಗೆ ಕುಳಿತು ಕೇಳಿ, ಕೇಳಿದ್ದನ್ನು ನಂಬಿಯೋ ನಂಬದೆಯೋ, ಮತವನ್ನು, ಹಣವನ್ನು, ಕೆಲವೊಮ್ಮೆ ಮನಸ್ಸನ್ನೇ ಕೊಟ್ಟುಬರತಕ್ಕವರು ಉಳಿದವರೆಲ್ಲರೂ. ಹೀಗಿರುವಲ್ಲಿ, ಭಾಷಣಶಾಸ್ತ್ರವೆಂಬುದು ಭಾಷಣಕಾರನಿಗಿಂತ ಹೆಚ್ಚಾಗಿ ಶ್ರೋತೃವಿಗೆ ಬೇಕಾದ ಶಾಸ್ತ್ರವೆಂದೂ, ಅದನ್ನು ನಾವು ಕಲಿಸುವುದಾದರೆ ಆ ದೃಷ್ಟಿಯಿಂದಲೇ ಕಲಿಸತಕ್ಕದ್ದೆಂದೂ ನನ್ನ ಅಭಿಪ್ರಾಯ.

ಆ ಶಾಸ್ತ್ರವನ್ನು ಕ್ರಮಬದ್ಧವಾಗಿ ಕಟ್ಟಿದ ಗ್ರೀಕರೂ ಅವರಿಂದ ಕಲಿತ ರೋಮನರೂ ಅದಕ್ಕೆ ಐದು ಅಂಗಗಳನ್ನು ಹೇಳಿದ್ದರು: ವಿಷಯವನ್ನೂ ಯುಕ್ತಿಗಳನ್ನೂ ಶೋಧಿಸಿಕೊಳ್ಳುವುದು, ಶೋಧಿಸಿದ್ದನ್ನು ಕ್ರಮಕ್ಕೆ ತರುವುದು, ಅದಕ್ಕೆ ತಕ್ಕ ಮಾತುಗಳನ್ನು ತೊಡಿಸುವುದು, ನೆನಪಿನಲ್ಲಿಡುವುದು, ಕಡೆಗೆ ದನಿಯಿಂದಲೂ ಅಂಗಾಭಿನಯದಿಂದಲೂ ಅದನ್ನು ಸಭೆಯ ಮುಂದಿಡುವುದು. ಸಿಸೆರೊ ತನ್ನ ಎಳವೆಯಲ್ಲಿ ಬರೆದ ಗ್ರಂಥಕ್ಕೆ ಹೆಸರು ಬಂದದ್ದು ಈ ಐದರಲ್ಲಿ ಮೊದಲನೆಯದರಿಂದ. ಕ್ವಿಂಟಿಲಿಯನನು ಕ್ರಿಸ್ತಶಕದ ಒಂದನೆಯ ಶತಮಾನದ ಕೊನೆಯಲ್ಲಿ ರಚಿಸಿದ 12 ಸಂಪುಟಗಳ ಮಹಾಗ್ರಂಥದಲ್ಲಿ ದನಿ ಮತ್ತು ಅಭಿನಯಗಳ ಪಾಲಿಗೆ ಬಂದದ್ದು 11ನೆಯ ಸಂಪುಟದ ಒಂದು ಅಧ್ಯಾಯ. ಭಾಷಣದಲ್ಲಿ ಮುಖ್ಯವಾದದ್ದಾವುದೆಂದು ಕೇಳಿದವರಿಗೆ ಡೆಮಾಸ್ತನೀಸನು ಮೂರು ಸಲವೂ ಅಭಿನಯವೆಂದೇ ಉತ್ತರಿಸಿದನೆಂಬ ಕಥೆಯುಂಟು, ನಿಜ; ಆದರೆ ಅವನ ಯುಕ್ತಿಗಳಿಗೆ ದೀಪದ ಎಣ್ಣೆಯ ವಾಸನೆಯಿದೆಯೆಂದು, ಎಂದರೆ ರಾತ್ರಿಯೆಲ್ಲ ಕುಳಿತು ಹೊಸೆದವೆಂದು, ಅವನ ಪ್ರತಿಕಕ್ಷಿಗಳು ಹೀಗಳೆದ ಕಥೆಯನ್ನೂ ಅದರ ಜೊತೆಗಿಟ್ಟು ಓದಬೇಕು. 16ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪೀಟರ್ ರಾಮುಸ್ ಎಂಬ ಪಂಡಿತನು ಶೋಧನೆಯನ್ನೂ ವಿನ್ಯಾಸವನ್ನೂ ತರ್ಕಶಾಸ್ತ್ರಕ್ಕೆ ಒಪ್ಪಿಸಿಬಿಟ್ಟು, ಶೈಲಿ ಮತ್ತು ಅಭಿನಯಗಳನ್ನು ಮಾತ್ರ ಭಾಷಣಶಾಸ್ತ್ರಕ್ಕೆ ಉಳಿಸಿದನು. ಮಾತಿನ ಒಡವೆಯಂಗಡಿ ಎಂಬ ಅಪಕೀರ್ತಿ ಆ ಶಾಸ್ತ್ರಕ್ಕೆ ಯೂರೋಪಿನಲ್ಲಿ ಅಂಟಿಕೊಂಡುದಕ್ಕೆ ಈ ವಿಭಾಗವೂ ಒಂದು ಕಾರಣ. ನಮ್ಮ ಅಂಕಪಟ್ಟಿಯನ್ನು ಬರೆದವರು ರಾಮುಸನ ಹೆಸರನ್ನು ಕೇಳಿರಲಾರರು. ಆದರೂ ಅವರು ಅವನ ಶಿಷ್ಯರೇ.

ನಮ್ಮ ದೇಶದಲ್ಲಿ ಈ ಸೀಳು ಮೊದಲಿನಿಂದಲೂ ಇನ್ನೊಂದು ಬಗೆಯಲ್ಲಿ ಇದ್ದಿತು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಪಂಚಾವಯವ ವಾಕ್ಯವನ್ನೂ, ಹೇತ್ವಾಭಾಸಗಳನ್ನೂ, ಪ್ರತಿವಾದಿಯ ಮಾತಿಗೆ ಬೇಕೆಂದೇ ಅಪಾರ್ಥ ಕಲ್ಪಿಸುವ ಛಲವನ್ನೂ ವಿವೇಚಿಸಿದವರು ನೈಯಾಯಿಕರು. ಉಪಮೆ ರೂಪಕ ಧ್ವನಿಗಳನ್ನು ವಿವೇಚಿಸಿದವರು ಆಲಂಕಾರಿಕರು. ಕನ್ನಡದಲ್ಲಿ ಈಗ ದೊರೆಯುವ ಮೊದಲನೆಯ ಗ್ರಂಥವೇ 9ನೆಯ ಶತಮಾನದ ರಾಷ್ಟ್ರಕೂಟರ ಆಸ್ಥಾನದಲ್ಲಿ ದಂಡಿಯ ಜಾಡನ್ನು ಹಿಡಿದು ಹುಟ್ಟಿದ ಕವಿರಾಜಮಾರ್ಗವೆಂಬುದನ್ನು ನೆನೆದರೆ, ಕಾವ್ಯದ ಲಕ್ಷಣವನ್ನು ಕುರಿತು ಈ ನಾಡು ಎಷ್ಟು ಹಿಂದೆಯೇ ತಲೆಕೆಡಿಸಿಕೊಂಡಿತೆಂಬುದು ವಿಶದವಾಗುತ್ತದೆ. ಆದರೆ ಊರ ಚಾವಡಿಯಲ್ಲಿ, ನ್ಯಾಯಸ್ಥಾನದಲ್ಲಿ, ಶಾಸನಸಭೆಯಲ್ಲಿ ಸಾಮಾನ್ಯ ಮನುಷ್ಯನು ಸಾಮಾನ್ಯ ಮನುಷ್ಯರನ್ನು ಒಡಂಬಡಿಸುವ ಮಾತು ಈ ಎರಡು ಶಾಸ್ತ್ರಗಳ ನಡುವಣ ಬಯಲಿನಲ್ಲಿ ಉಳಿದುಹೋಯಿತು.

ಆ ಬಯಲನ್ನೇ ತನ್ನ ಕ್ಷೇತ್ರವಾಗಿ ಆರಿಸಿಕೊಂಡವನು ಅರಿಸ್ಟಾಟಲ್. ಯಾವುದೇ ಪ್ರಸಂಗದಲ್ಲಿ ಒಡಂಬಡಿಕೆಗೆ ದೊರೆಯಬಹುದಾದ ಸಾಧನಗಳು ಯಾವುವೆಂಬುದನ್ನು ಕಾಣುವ ಶಕ್ತಿ ಎಂದು ಅವನು ಭಾಷಣಕಲೆಗೆ ಲಕ್ಷಣ ಹೇಳಿದ್ದಾನೆ. ಜನರನ್ನು ಒಡಂಬಡಿಸಿಯೇ ತೀರುವ ಶಕ್ತಿ ಎನ್ನಲಿಲ್ಲ, ಕಾಣುವ ಶಕ್ತಿ ಎಂದನು. ಹಾಗೆ ಕಾಣುವುದು ವೇದಿಕೆಯ ಮೇಲಿದ್ದವನಿಗೆ ಎಷ್ಟು ಸಾಧ್ಯವೋ ಕೆಳಗಿದ್ದವನಿಗೂ ಅಷ್ಟೇ ಸಾಧ್ಯ. ಆ ಸಾಧನಗಳು ಮೂರು: ವಕ್ತೃವಿನ ಶೀಲ, ಶ್ರೋತೃವಿನ ಭಾವ, ಮಾತಿನೊಳಗಣ ಯುಕ್ತಿ. ಈ ತ್ರಯವನ್ನು ಕೈಪಿಡಿಗಳೆಲ್ಲವೂ ಹೇಳುತ್ತವೆಯಾದ್ದರಿಂದ ನಾನು ವಿಸ್ತರಿಸುವುದಿಲ್ಲ. ಅವನು ಒಡಂಬಡಿಕೆಯ ದೇಹವೆಂದೇ ಕರೆದ ಮತ್ತೊಂದು ವಸ್ತುವುಂಟು. ಅದು ಒಂದು ಅವಯವವನ್ನು ಹೇಳದೆ ಬಿಟ್ಟ ಅನುಮಾನ. ಲುಪ್ತೋಪಮೆಯಲ್ಲಿ ಉಪಮೇಯವೋ ಉಪಮಾನವೋ ಸಮಾನಧರ್ಮವೋ ಮರೆಯಾಗಿರುತ್ತದೆಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಾರಲ್ಲವೆ? ತರ್ಕದಲ್ಲಿಯೂ ಅಂಥ ಲೋಪವುಂಟು. ಡೋರಿಯಸನು ಕಿರೀಟವೇ ಬಹುಮಾನವಾದ ಪಂದ್ಯದಲ್ಲಿ ಗೆದ್ದಿದ್ದಾನೆಂದು ತೋರಿಸಬೇಕಾದರೆ ಅವನು ಒಲಿಂಪಿಯದಲ್ಲಿ ಗೆದ್ದನೆಂದರೆ ಸಾಕು, ಒಲಿಂಪಿಯದಲ್ಲಿ ಗೆದ್ದವರಿಗೆ ಕಿರೀಟ ದೊರೆಯುವುದೆಂದು ಬಿಡಿಸಿ ಹೇಳಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು, ಎಂಬುದು ಅರಿಸ್ಟಾಟಲನು ಕೊಡುವ ಉದಾಹರಣೆ.

ಉದಾಹರಣೆ ನಿರುಪದ್ರವಿಯಾದದ್ದು. ಆದರೆ ಇದೇ ಲೋಪವನ್ನು ನಮ್ಮ ಚುನಾವಣೆಯ ಮೈದಾನಕ್ಕೆ ತಂದು ನೋಡೋಣ. "ಇವರು ರೈತನ ಮಗ, ನಿಮ್ಮ ಕಷ್ಟ ಇವರಿಗೆ ಗೊತ್ತು" ಎಂದು ಯಾವ ಪಕ್ಷದ ಯಾವ ಅಭ್ಯರ್ಥಿಯನ್ನು ಕುರಿತಾದರೂ ಹೇಳಬಹುದು, ಹೇಳುತ್ತಲೂ ಇದ್ದಾರೆ. ಇದರಲ್ಲಿ ಹೇಳಿರುವ ಮಾತು ಎರಡು, ಹೇಳದೆ ಬಿಟ್ಟದ್ದು ಮತ್ತೆರಡು: ರೈತನ ಮಗನಾದವನಿಗೆಲ್ಲ ರೈತನ ಕಷ್ಟ ಗೊತ್ತಿರುತ್ತದೆ ಎಂಬುದೊಂದು, ಕಷ್ಟ ಗೊತ್ತಿರುವವನು ಅದನ್ನು ನೀಗಿಸುತ್ತಾನೆ ಎಂಬುದು ಇನ್ನೊಂದು. ಈ ಎರಡನ್ನೂ ಭಾಷಣಕಾರನು ಬಾಯಿಬಿಟ್ಟು ಆಡಿದ್ದರೆ ಸಭೆಯ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬ ಮುದುಕ ನಕ್ಕುಬಿಡುತ್ತಿದ್ದನು. ಆಡದೆ ಬಿಟ್ಟುದರಿಂದ ಅವುಗಳನ್ನು ಸಭೆಯೇ ತನ್ನ ಮನಸ್ಸಿನಲ್ಲಿ ತುಂಬಿಕೊಂಡಿತು. ಮತ್ತು ತಾನೇ ತುಂಬಿಕೊಂಡ ಮಾತನ್ನು ಯಾವ ಸಭೆಯೂ ಅನುಮಾನಿಸುವುದಿಲ್ಲ. ಒಡಂಬಡಿಕೆಯ ಅತಿಮುಖ್ಯ ವಾಕ್ಯವನ್ನು ಆಡುವವನು ಭಾಷಣಕಾರನಲ್ಲ, ಶ್ರೋತೃ. ಅದನ್ನು ಅವನು ಆಡುವುದು ಮೌನವಾಗಿ. ಆದಕಾರಣ ಮೋಸಹೋದೆವೆಂದು ನಾವು ಆಮೇಲೆ ಹಲುಬುವಾಗ, ಮೋಸದಲ್ಲಿ ಅರ್ಧ ಪಾಲು ನಮ್ಮದೇ ಎಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ.

ಈ ತತ್ತ್ವ ನಮಗೆ ಹೊಸದೇನೂ ಅಲ್ಲ. ನಾವು ಅದನ್ನು ಬೇರೆ ಮನೆಯಲ್ಲಿ ಕಂಡಿದ್ದೇವೆ. ಕಾವ್ಯದ ಆತ್ಮವು ಆಡಿದ ಮಾತಿನಲ್ಲಿಲ್ಲ, ಆಡದೆ ಹೊಳೆಯುವ ಅರ್ಥದಲ್ಲಿದೆ ಎಂದು ಕಾಶ್ಮೀರದ ಆನಂದವರ್ಧನನು 9ನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದನು. ಆ ಅರ್ಥ ಹೊಳೆಯಬೇಕಾದರೆ ಸಹೃದಯನು ಬೇಕು. ಸಹೃದಯನು ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ತಿಳಿಗೊಳಿಸಿಕೊಂಡವನಾಗಿರಬೇಕೆಂದು ಅಭಿನವಗುಪ್ತನು ವಿವರಿಸಿದನು. ಎಂದರೆ, ಕಾವ್ಯವನ್ನು ಕೇಳುವುದಕ್ಕೆ ಶಿಕ್ಷಣ ಬೇಕೆಂಬುದರಲ್ಲಿ ನಮ್ಮ ಮೀಮಾಂಸಕರಿಗೆ ಸಂಶಯವಿರಲಿಲ್ಲ. ಕಾವ್ಯದಲ್ಲಿ ಆಡದ ಮಾತನ್ನು ತಪ್ಪಾಗಿ ತುಂಬಿಕೊಂಡವನಿಗೆ ರಸಭಂಗವಾಗುವುದೇ ಹೊರತು ಊರಿಗೆ ನಷ್ಟವಿಲ್ಲ. ಸಭೆಯಲ್ಲಿ ತಪ್ಪಾಗಿ ತುಂಬಿಕೊಂಡರೆ ಊರು ಸುಡಬಹುದು. ಆದರೂ ಕಾವ್ಯಕ್ಕೆ ಸಹೃದಯನನ್ನು ಬೇಡಿದ ನಾವು ಸಭೆಗೆ ಅಂಥವನನ್ನು ಬೇಡಲಿಲ್ಲ.

ಊರು ಸುಡಬಹುದೆಂದದ್ದು ಅಲಂಕಾರದ ಮಾತಲ್ಲ. ಕ್ರಿ.ಪೂ. 428ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನಿ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದು ಮರುವರ್ಷ ಶರಣಾಯಿತು. ಕೋಪದಿಂದ ಕುದಿಯುತ್ತಿದ್ದ ಅಥೆನ್ಸಿನ ಮಹಾಸಭೆ ಅಲ್ಲಿಯ ವಯಸ್ಕ ಗಂಡಸರೆಲ್ಲರನ್ನೂ ಕೊಲ್ಲತಕ್ಕದ್ದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರತಕ್ಕದ್ದು ಎಂದು ನಿರ್ಣಯಿಸಿ, ಆ ಆಜ್ಞೆಯನ್ನು ಹೊತ್ತ ನೌಕೆಯನ್ನು ಅಂದೇ ಕಳುಹಿಸಿಬಿಟ್ಟಿತು. ರಾತ್ರಿ ಕಳೆದು ಬೆಳಗಾದಾಗ ಜನಕ್ಕೆ ಪಶ್ಚಾತ್ತಾಪ. ತಪ್ಪಿತಸ್ಥರನ್ನಲ್ಲದೆ ಒಂದು ಊರಿಗೆ ಊರನ್ನೇ ಕೊಲ್ಲುವುದು ಘೋರವೆನ್ನಿಸಿ ಸಭೆ ಮತ್ತೆ ಸೇರಿತು. ಅಲ್ಲಿ ನಡೆದ ವಾದವನ್ನು ಥೂಸಿಡಿಡೀಸನು ತನ್ನ ಇತಿಹಾಸದ ಮೂರನೆಯ ಸಂಪುಟದಲ್ಲಿ ದಾಖಲಿಸಿದ್ದಾನೆ. ಭಾಷಣಗಳನ್ನು ಅಕ್ಷರಶಃ ಕೊಡುವುದು ತನಗೆ ಸಾಧ್ಯವಾಗದೆಂದೂ ಸಂದರ್ಭಕ್ಕೆ ಉಚಿತವಾದದ್ದನ್ನು ಒಟ್ಟು ಅಭಿಪ್ರಾಯಕ್ಕೆ ಭಂಗವಿಲ್ಲದೆ ಬರೆದಿರುವೆನೆಂದೂ ಅವನೇ ಹೇಳಿಕೊಂಡಿರುವುದರಿಂದ, ಈ ಮಾತುಗಳಲ್ಲಿ ಅವನ ಕೈವಾಡವೆಷ್ಟೆಂಬ ಪ್ರಶ್ನೆಯನ್ನು ವಿದ್ವಾಂಸರಿಗೆ ಬಿಡೋಣ.

ಮೊದಲ ನಿರ್ಣಯದ ಕರ್ತೃವಾದ ಕ್ಲಿಯಾನನು ಎದ್ದು, ನೀವು ಭಾಷಣಗಳ ಪ್ರೇಕ್ಷಕರಾಗಿಬಿಟ್ಟಿದ್ದೀರಿ, ರಾಜ್ಯದ ಹಿತವನ್ನು ಚಿಂತಿಸಲು ಬಂದವರಂತಿಲ್ಲದೆ ಸೋಫಿಸ್ಟರ ಚಾತುರ್ಯವನ್ನು ನೋಡಲು ಕುಳಿತವರಂತಿದ್ದೀರಿ ಎಂದು ಸಭೆಯನ್ನು ಜರೆದನು. ಸ್ವಾರಸ್ಯವೆಂದರೆ, ವಾಗಾಡಂಬರವನ್ನು ನಿಂದಿಸುವ ಆ ಭಾಷಣವೇ ವಿರೋಧಾಲಂಕಾರಗಳಿಂದಲೂ ತೂಗಿಸಿ ಜೋಡಿಸಿದ ವಾಕ್ಯಗಳಿಂದಲೂ ಕಿಕ್ಕಿರಿದಿದೆ. ಪ್ರಾಸದ ಮಾತಿನ ಮಾಂತ್ರಿಕನೆಂದು ಹೆಸರಾದ ಗಾರ್ಜಿಯಸನು ಸಿಸಿಲಿಯಿಂದ ರಾಯಭಾರಿಯಾಗಿ ಅಥೆನ್ಸಿಗೆ ಬಂದು ಅಲ್ಲಿಯವರನ್ನು ಬೆರಗುಗೊಳಿಸಿದ್ದೂ ಅದೇ 427ರಲ್ಲಿ. ಗಾಳಿಯಲ್ಲಿಯೇ ಆ ಚಪಲವಿದ್ದಿರಬೇಕು. ಕ್ಲಿಯಾನನ ವಾದದ ತಿರುಳಿಷ್ಟು: ಇವರು ಅನ್ಯಾಯ ಮಾಡಿದರು, ಇವರನ್ನು ಘೋರವಾಗಿ ದಂಡಿಸಿರಿ, ಮಿಕ್ಕ ಊರುಗಳು ಪಾಠ ಕಲಿಯುವುವು. ಉಗ್ರವಾದ ದಂಡನೆಯ ಭಯವು ಮನುಷ್ಯರನ್ನು ಅಪರಾಧದಿಂದ ತಡೆಯುತ್ತದೆ ಎಂಬ ಆಧಾರವಾಕ್ಯವನ್ನು ಅವನು ಸಾಧಿಸಿ ತೋರಿಸಲಿಲ್ಲ. ಸಾಧಿಸುವ ಆವಶ್ಯಕತೆ ಅವನಿಗೆ ಎಲ್ಲಿಯದು? ಅದು ಪ್ರತಿಯೊಬ್ಬ ಕೋಪಿಷ್ಠನ ಮನಸ್ಸಿನಲ್ಲಿಯೂ ಮೊದಲೇ ಸಿದ್ಧವಾಗಿತ್ತು.

ಅವನಿಗೆ ಉತ್ತರ ಕೊಟ್ಟ ಡಯೊಡೊಟಸನು ಮಾಡಿದ ಕೆಲಸವನ್ನು ನಾನು ಭಾಷಣಶಾಸ್ತ್ರದ ಅತ್ಯುತ್ತಮ ಪಾಠವೆಂದು ಎಣಿಸುತ್ತೇನೆ. ಮೊದಲು ಅವನು ಸಭೆ ಕುಳಿತಿರುವುದು ಯಾವ ಕಾರ್ಯಕ್ಕೆಂಬುದನ್ನು ನೆನಪಿಗೆ ತಂದನು. ನಾವು ಮಿಟಿಲೀನಿಯವರ ಮೇಲೆ ಮೊಕದ್ದಮೆ ನಡೆಸುತ್ತಿಲ್ಲ, ನಮಗೆ ಮುಂದೆ ಯಾವುದು ಹಿತವೆಂದು ಆಲೋಚಿಸುತ್ತಿದ್ದೇವೆ ಎಂದನು. ನ್ಯಾಯಸ್ಥಾನದ ಭಾಷಣಕ್ಕೆ ಹಿಂದೆ ನಡೆದದ್ದೂ ನ್ಯಾಯಾನ್ಯಾಯವೂ ವಿಷಯ, ಮಂತ್ರಾಲೋಚನೆಯ ಭಾಷಣಕ್ಕೆ ಮುಂದೆ ನಡೆಯುವುದೂ ಹಿತಾಹಿತವೂ ವಿಷಯ, ಉತ್ಸವದ ಭಾಷಣಕ್ಕೆ ಇಂದಿನ ಸ್ತುತಿನಿಂದೆಗಳು ವಿಷಯ ಎಂದು ಅರಿಸ್ಟಾಟಲನು ಮುಂದಿನ ಶತಮಾನದಲ್ಲಿ ವಿಭಾಗಿಸಿದ ತತ್ತ್ವವನ್ನು ಇವನು ಪ್ರಾಣಸಂಕಟದ ಗಳಿಗೆಯಲ್ಲಿ ಪ್ರಯೋಗಿಸಿ ತೋರಿಸಿದನು. ಆಮೇಲೆ, ಕ್ಲಿಯಾನನು ಆಡದೆ ಬಿಟ್ಟಿದ್ದ ವಾಕ್ಯವನ್ನು ಬಯಲಿಗೆಳೆದು ಸಭೆಯ ಮುಂದೆ ನಿಲ್ಲಿಸಿದನು. ಮನುಷ್ಯರು ದಂಡನೆಗಳನ್ನು ಒಂದರ ಮೇಲೊಂದಾಗಿ ಉಗ್ರಗೊಳಿಸುತ್ತ ಮರಣದಂಡನೆಯವರೆಗೂ ಬಂದಿದ್ದಾರೆ, ಅಪರಾಧಗಳು ನಿಂತವೆ? ಆಶೆಯೂ ಹುಮ್ಮಸ್ಸೂ ಹಿಡಿದೆಳೆಯುವಾಗ ಭಯಕ್ಕೆ ಬಲವಿಲ್ಲ. ಅಲ್ಲದೆ, ಶರಣಾದರೂ ಸಾವು ತಪ್ಪದೆಂದು ಗೊತ್ತಾದರೆ ಮುಂದೆ ದಂಗೆಯೆದ್ದ ಊರು ಕೊನೆಯ ಉಸಿರಿನವರೆಗೂ ಕಾದುವುದು. ನಮಗೆ ದೊರೆಯುವುದು ಪಾಳುಬಿದ್ದ ಊರು, ಕಪ್ಪ ಕೊಡುವ ಊರಲ್ಲ. ಆಗ ಕೈಯೆತ್ತಿ ಮತ ಎಣಿಸಲಾಗಿ ಎರಡು ಪಕ್ಷಗಳೂ ಹೆಚ್ಚುಕಡಮೆ ಸಮವಾಗಿದ್ದು, ಡಯೊಡೊಟಸನ ಪಕ್ಷವು ಸ್ವಲ್ಪದರಲ್ಲಿ ಗೆದ್ದಿತು. ಎರಡನೆಯ ನೌಕೆ ಹೊರಟಿತು. ಅಂಬಿಗರು ದ್ರಾಕ್ಷಾರಸದಲ್ಲಿಯೂ ಎಣ್ಣೆಯಲ್ಲಿಯೂ ಕಲಸಿದ ಜವೆಯ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದು, ಸರದಿಯ ಮೇಲೆ ಮಲಗಿ, ಹಗಲಿರುಳು ಸಾಗಿದರು. ಮೊದಲನೆಯ ನೌಕೆಯವರಿಗೆ ಆ ಕೆಟ್ಟ ಕಾರ್ಯಕ್ಕೆ ಆತುರವಿರಲಿಲ್ಲ. ದಂಡನಾಯಕ ಪಾಖೀಸನು ಆಜ್ಞೆಯನ್ನು ಓದಿಕೊಂಡು ಕಾರ್ಯಕ್ಕೆ ಕೈಹಾಕುವ ಹೊತ್ತಿಗೆ ಎರಡನೆಯದು ದಡ ಮುಟ್ಟಿತು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಸಂತೋಷಪಡುವುದು ಸುಲಭ. ಆದರೆ ದಂಗೆಯ ಮುಂದಾಳುಗಳೆನಿಸಿಕೊಂಡ ಸಾವಿರಕ್ಕೂ ಮಿಕ್ಕ ಜನರನ್ನು ಕ್ಲಿಯಾನನ ಸೂಚನೆಯಂತೆಯೇ ಕೊಂದರೆಂದು ಥೂಸಿಡಿಡೀಸನು ಹೇಳುತ್ತಾನೆ. ಡಯೊಡೊಟಸನೂ ಕರುಣೆಯ ಹೆಸರಿನಲ್ಲಿ ಮತ ಕೇಳಲಿಲ್ಲ. ಕರುಣೆಗೆ ಸೋಲಬೇಡಿರೆಂದೇ ಹೇಳಿದನು. ಹಿಂದಿನ ರಾತ್ರಿಯಿಂದ ಕರುಣೆ ಸಭಿಕರ ಮನಸ್ಸಿನಲ್ಲಿ ತಾನಾಗಿಯೇ ಕುಳಿತಿದ್ದಿತೆಂಬುದನ್ನು ಅವನು ಅರಿಯದವನಲ್ಲ; ಅದನ್ನು ಆಡದೆ, ಹಿತವೆಂಬ ಮರ್ಯಾದಸ್ಥ ಕಾರಣವನ್ನು ಅದರ ಕೈಗೆ ಕೊಟ್ಟನೆಂದು ನನಗೆ ತೋರುತ್ತದೆ. ಒಳ್ಳೆಯ ಸಲಹೆ ಕೊಡುವವನು ಸಹ ನಂಬಿಕೆ ಪಡೆಯಲು ಈ ಸಭೆಯಲ್ಲಿ ಸುಳ್ಳಾಡಬೇಕಾಗಿದೆಯೆಂದು ಅವನೇ ನೊಂದು ನುಡಿದದ್ದುಂಟು. ಅಂತೂ ಕೆಟ್ಟವನು ಮಾತ್ರ ಮಾತನ್ನು ಮರೆಸುತ್ತಾನೆ, ಒಳ್ಳೆಯವನು ಎಲ್ಲವನ್ನೂ ಬಿಚ್ಚಿಡುತ್ತಾನೆ ಎಂಬ ಸರಳವಾದ ಸಮಾಧಾನ ನಮಗಿಲ್ಲ. ಎರಡು ಕಡೆಯ ಮರೆಯನ್ನೂ ನೋಡುವ ಕಣ್ಣು ಬೇಕು.

ಕ್ಲಿಯಾನನ ಉಪಾಯಗಳಲ್ಲಿ ಒಂದನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು. "ನನಗೆ ಭಾಷಣ ಮಾಡುವುದಕ್ಕೆ ಬರುವುದಿಲ್ಲ, ನಾನು ನೇರ ಮನುಷ್ಯ" ಎಂಬ ಪೀಠಿಕೆಯಷ್ಟು ಪ್ರಾಚೀನವಾದ ಭಾಷಣತಂತ್ರ ಬೇರೊಂದಿಲ್ಲ. ಷೇಕ್ಸ್‌ಪಿಯರನ ಆಂಟನಿ ಸೀಸರನ ಹೆಣದ ಮುಂದೆ ಆಡುವ ಮಾತಿನಲ್ಲಿ ಅದಿದೆ. ಪ್ಲೇಟೊ ಬರೆದ ಸಾಕ್ರಟೀಸನ ಪ್ರತಿವಾದದ ಮೊದಲಲ್ಲಿ ಕೂಡ ಅದಿದೆ. ವಕ್ತೃವಿನ ಶೀಲವು ಅವನ ಹಿಂದಿನ ಕೀರ್ತಿಯಿಂದಲ್ಲ, ಆ ಭಾಷಣದಿಂದಲೇ ಮೂಡಿಬರಬೇಕೆಂದು ಅರಿಸ್ಟಾಟಲನು ಹೇಳಿದಾಗ ಅವನ ದೃಷ್ಟಿಯಲ್ಲಿದ್ದುದು ವಿವೇಕ, ಸದ್ಗುಣ, ಸದ್ಭಾವ ಎಂಬ ಮೂರು. ಒರಟುತನವನ್ನು ಅವನು ಆ ಪಟ್ಟಿಗೆ ಸೇರಿಸಿರಲಿಲ್ಲ. ನಾವು ಸೇರಿಸಿದ್ದೇವೆ, ಬಯ್ಯುವವನನ್ನು ಪ್ರಾಮಾಣಿಕನೆಂದೂ ತಡೆದು ಮಾತನಾಡುವವನನ್ನು ಕಪಟಿಯೆಂದೂ ಎಣಿಸುವುದು ನಮ್ಮಲ್ಲಿ ಈಚೆಗೆ ಬಲವಾಗುತ್ತಿದೆ.

ಅಲಂಕಾರಗಳ ವಿಷಯದಲ್ಲಿಯೂ ಇದೇ ಕಥೆ. ಪದವನ್ನು ಮರುಕಳಿಸುವುದು, ಮೂರು ಮೂರಾಗಿ ಜೋಡಿಸುವುದು, ಉತ್ತರ ಬೇಡದ ಪ್ರಶ್ನೆ ಹಾಕುವುದು ಇತ್ಯಾದಿಗಳು ಕಿವಿಗೆ ಸಂಬಂಧಿಸಿದವು. ಅವುಗಳಿಂದ ಹೆಚ್ಚು ಅಪಾಯವಿಲ್ಲ. ಆದರೆ "ಆತನ ಮನೆಯ ವಿಚಾರವನ್ನು ನಾನು ಇಲ್ಲಿ ಎತ್ತುವುದಿಲ್ಲ" ಎಂದು ಹೇಳಿ ಎತ್ತುವುದುಂಟಲ್ಲ, ನಿಷೇಧದ ಮೂಲಕ ನುಡಿಯುವ ಆಕ್ಷೇಪಾಲಂಕಾರವೆಂದು ದಂಡಿಯು ಕಾವ್ಯಕ್ಕೆ ಹೇಳಿದ್ದರ ಸೋದರನು ಇವನು. ಇಲ್ಲಿ ಆರೋಪವನ್ನು ಹೊರಿಸಿದವನು ಭಾಷಣಕಾರನಲ್ಲ; ಆ ಮನೆಯಲ್ಲಿ ಏನೋ ಇದೆಯೆಂದು ಊಹಿಸಿಕೊಂಡವರು ನಾವು. ಗಾದೆಯ ಬಲವೂ ಇಂಥದೇ. ಕೆಟ್ಟ ನೆರೆಯವರಿಂದ ನೊಂದವನು ನೆರೆಹೊರೆಗಿಂತ ದೊಡ್ಡ ಕಾಟವಿಲ್ಲವೆಂಬ ಸಾಮಾನ್ಯ ವಚನವನ್ನು ಕೇಳಿ ತಲೆದೂಗುತ್ತಾನೆ, ತನ್ನ ಒಂದು ಅನುಭವವನ್ನು ಲೋಕನಿಯಮವಾಗಿ ಕೇಳುವುದರಲ್ಲಿ ಅವನಿಗೆ ಸುಖ, ಎಂದು ಅರಿಸ್ಟಾಟಲನು ಕಂಡುಕೊಂಡಿದ್ದನು. ತಾಳಿದವನು ಬಾಳಿಯಾನು ಎಂದೂ ನಮ್ಮಲ್ಲಿ ಗಾದೆಯುಂಟು, ಗಾಳಿ ಬಂದಾಗ ತೂರಿಕೋ ಎಂದೂ ಉಂಟು. ಯಾವ ಹೊತ್ತಿಗೆ ಯಾವುದನ್ನು ಎತ್ತಿದರೆಂಬುದನ್ನು ನೋಡಿದರೆ ಎತ್ತಿದವರ ಉದ್ದೇಶ ತಿಳಿಯುವುದು.

ಭಾಷಣಕಲೆ ಕೇವಲ ಮುಖಸ್ತುತಿ, ವೈದ್ಯನ ವೇಷ ಹಾಕಿದ ಅಡಿಗೆಯವನ ವಿದ್ಯೆ ಎಂದು ಪ್ಲೇಟೊ ಹೀಗಳೆದನು. ಇಂಥ ಆಯುಧವನ್ನು ಎಲ್ಲರ ಕೈಗೂ ಕೊಡಬಹುದೆ ಎಂಬ ಶಂಕೆ ಇಂದೂ ಉಂಟು. ಆಯುಧ ಈಗಾಗಲೇ ಕೊಳ್ಳಬಲ್ಲವರ ಕೈಯಲ್ಲಿದೆ. ಪ್ರಚಾರದ ಕಸಬಿನವರೂ ಜಾಹೀರಾತಿನವರೂ ಅದನ್ನು ಸಂಬಳ ಕೊಟ್ಟು ಕಲಿಸುತ್ತಾರೆ. ಕಲಿಯದೆ ಉಳಿದವರು ಗುರಿಯಾದವರು ಮಾತ್ರ. ಕೇಳುವವರಿಗೂ ಅಭ್ಯಾಸ ಬರುವುದೆಂಬುದಕ್ಕೆ ನಮ್ಮ ಕರಾವಳಿಯ ತಾಳಮದ್ದಳೆಯೇ ಸಾಕ್ಷಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯವಾದ ಮೇಲೆ ಅರ್ಥಧಾರಿಗಳು ಎದುರುಬದುರು ಕುಳಿತು ಆಗಿಂದಾಗ ಹುಟ್ಟಿಸುವ ಮಾತೇ ಸರ್ವಸ್ವ. ವಾಲಿಯ ಮರಣವಾಗಲಿ ಕೃಷ್ಣನ ಸಂಧಾನವಾಗಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತಿರುವುದರಿಂದ ಸಭಿಕರ ಗಮನವೆಲ್ಲ ವಾದದ ಮೇಲೆಯೇ ನಿಂತಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಿ ಬೆಳೆದ ರಸಿಕರು, ಯಾರು ಯಾವ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರೆಂದು ಮರುದಿನವೂ ಲೆಕ್ಕ ಹಾಕುತ್ತಾರೆ. ಅಕ್ಷರಜ್ಞಾನಕ್ಕೂ ಈ ಲೆಕ್ಕಕ್ಕೂ ಅಷ್ಟಾಗಿ ಸಂಬಂಧವಿಲ್ಲ.

ಇನ್ನು ಮಾಡತಕ್ಕದ್ದೇನು? ಹೊಸ ಪಠ್ಯಪುಸ್ತಕವನ್ನು ನಾನು ಕೇಳುತ್ತಿಲ್ಲ. ಮಕ್ಕಳ ಚೀಲ ಈಗಾಗಲೇ ಭಾರವಾಗಿದೆ. ಕನ್ನಡದ ತರಗತಿಯಲ್ಲಿ ಲುಪ್ತೋಪಮೆಯ ಲೋಪವನ್ನು ಗುರುತಿಸಲು ಕಲಿಸುವ ಅಧ್ಯಾಪಕರು ತಿಂಗಳಿಗೊಮ್ಮೆ ದಿನಪತ್ರಿಕೆಯ ಒಂದು ಭಾಷಣವನ್ನೋ ಜಾಹೀರಾತನ್ನೋ ಮುಂದಿಟ್ಟು, ಇದರಲ್ಲಿ ಹೇಳದೆ ಬಿಟ್ಟಿರುವ ವಾಕ್ಯವನ್ನು ಬರೆಯಿರಿ ಎಂದು ಕೇಳಿದರೆ ಸಾಕು. ಚರ್ಚಾಸ್ಪರ್ಧೆಯ ನಿಯಮಗಳಲ್ಲಿ ಮಾತ್ರ ಒಂದು ಬದಲಾವಣೆ ಅವಶ್ಯವೆಂದು ತೋರುತ್ತದೆ. ತತ್ತ್ವನಿರ್ಣಯಕ್ಕಾಗಿ ಮಾಡುವುದು ವಾದ, ಗೆಲುವಿಗಾಗಿ ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡವುವುದಷ್ಟೆ ವಿತಂಡ ಎಂದು ನ್ಯಾಯಶಾಸ್ತ್ರ ವಿಂಗಡಿಸಿದೆ. ನಮ್ಮ ಸ್ಪರ್ಧೆಗಳು ಜಲ್ಪದಲ್ಲಿ ನಿಂತಿವೆ. ದೂರದರ್ಶನದ ಸಂಜೆಯ ಚರ್ಚೆಗಳು ಎಲ್ಲಿಗೆ ಮುಟ್ಟಿವೆಯೆಂಬುದನ್ನು ಓದುಗರೇ ಬಲ್ಲರು. ಆದರೆ ನಮ್ಮ ಭಾಷ್ಯಕಾರರು ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸುತ್ತಿದ್ದರು. ಪ್ರತಿ ಸ್ಪರ್ಧಿಯೂ ತನ್ನ ವಾದಕ್ಕೆ ಮೊದಲು ಎದುರಾಳಿಯ ಪಕ್ಷವನ್ನು ಎರಡು ನಿಮಿಷ ಹೇಳತಕ್ಕದ್ದು. ಎದುರಾಳಿಯು ಹೌದು, ನನ್ನ ಅಭಿಪ್ರಾಯ ಇದೇ ಎಂದು ಒಪ್ಪಿದ ಹೊರತು ಅವನಿಗೆ ಮುಂದೆ ಮಾತನಾಡಲು ಅವಕಾಶವಿಲ್ಲ. ಬೇಕೆಂದೇ ಒಪ್ಪದೆ ಹಟ ಹಿಡಿಯುವ ಎದುರಾಳಿಯೂ ಇರಬಹುದಾದ್ದರಿಂದ ಕೊನೆಯ ಮಾತು ತೀರ್ಪುಗಾರರದಾಗಿರಲಿ. ಜೊತೆಗೆ, ಬಹುಮಾನಗಳಲ್ಲಿ ಒಂದನ್ನು ವೇದಿಕೆಯಿಂದ ಕೆಳಗಿಳಿಸಿ, ಅಂದು ನಡೆದ ಭಾಷಣಗಳಲ್ಲಿ ಯಾವುದರಲ್ಲಿಯಾದರೂ ಆಡದೆ ಉಳಿದ ಆಧಾರವಾಕ್ಯವನ್ನು ಸರಿಯಾಗಿ ಬರೆದುಕೊಟ್ಟ ಸಭಿಕನಿಗೆ ಕೊಡಲಿ. ಯಾವುದಾದರೊಂದು ತಾಲ್ಲೂಕಿನ ಪ್ರೌಢಶಾಲೆಗಳು ಈ ವರ್ಷವೇ ಇದನ್ನು ಪರೀಕ್ಷಿಸಿ ನೋಡಬಹುದು. ಬೇಕಾಗುವ ಸಾಮಗ್ರಿಯೆಂದರೆ ಸಭಿಕರಿಗೆ ತಲೆಗೊಂದು ಕಾಗದದ ಚೂರು. ಅದಕ್ಕೆ ತಗಲುವ ಹಣವನ್ನು ಮುಖ್ಯ ಅತಿಥಿಗಳ ಹಾರದ ಬಾಬತ್ತಿನಿಂದ ಉಳಿಸಿಕೊಳ್ಳಬಹುದು.